ತಿರುಗಾಟ ನಿಂತ ಮೇಲೆ

ಆಟ ನಡೆಯುವಾಗ ಅದನ್ನು ನೋಡತಕ್ಕವರು ಸಾವಿರಾರು ಮಂದಿ. ಆಟ ನಿಂತ ಬಳಿಕ ತೆರೆಯ ಹಿಂದೆ ನಡೆಯುವ ಇನ್ನೊಂದು ಆಟವನ್ನು ಬಲ್ಲವರು ಬೆರಳೆಣಿಕೆಯವರು. ಮೊದಲನೆಯದರಲ್ಲಿ ಬಣ್ಣವುಂಟು, ಕುಣಿತವುಂಟು, ಸೋಲು ಗೆಲವುಗಳುಂಟು. ಎರಡನೆಯದರಲ್ಲಿ ಇರುವುದು ಒಂದು ಲೆಕ್ಕದ ಪುಸ್ತಕ, ಕೆಲವು ಹೆಸರುಗಳು, ಅವುಗಳ ಮುಂದೆ ಕೆಲವು ಅಂಕೆಗಳು. ಆದರೂ ಮುಂದಿನ ವರ್ಷ ಯಾರು ರಂಗವೇರಬೇಕು, ಯಾರು ಮನೆಯ ಜಗಲಿಯಲ್ಲಿ ಕುಳಿತಿರಬೇಕು ಎಂಬುದು ನಿರ್ಣಯವಾಗುವುದು ಈ ಎರಡನೆಯ ಆಟದಲ್ಲಿಯೇ. ಕಲೆಯ ಚರಿತ್ರೆಯನ್ನು ಬರೆಯುವವರು ಈ ಪುಸ್ತಕವನ್ನು ತೆರೆದು ನೋಡುವುದು ಅಪರೂಪ. ನೋಡಿದರೆ, ಕಲೆಯ ಏಳುಬೀಳುಗಳಲ್ಲಿ ಅರ್ಧಕ್ಕರ್ಧ ಅಲ್ಲಿಯೇ ಕಾಣಬಹುದು.

ತೀರ್ಥಹಳ್ಳಿ, ಹೊಸನಗರ, ಸಾಗರಗಳ ಮಲೆನಾಡಿಗೆ ಈ ಮಾತು ಹೊಸದಲ್ಲ. ದೀಪಾವಳಿ ಕಳೆದು ಚಳಿ ಬಿದ್ದಿತೆಂದರೆ ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುತ್ತವೆ. ಮಂದಾರ್ತಿಯ ದುರ್ಗಾಪರಮೇಶ್ವರಿಗೆ ಹರಕೆ ಹೊತ್ತ ಗೃಹಸ್ಥರು ಮಲೆನಾಡಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ; ಅವರ ಹರಕೆಯ ಆಟಗಳಿಗಾಗಿ ಮೇಳದ ಪೆಟ್ಟಿಗೆಗಳು ಘಟ್ಟ ಹತ್ತಿ ಬರುತ್ತವೆ. ಸಾಗರ ಸೀಮೆಯ ಸಿಗಂದೂರಿನ ಚೌಡೇಶ್ವರಿಯ ಹೆಸರಿನಲ್ಲಿಯೂ ಒಂದು ಮೇಳ ತಿರುಗಾಟ ಮಾಡಿದುದುಂಟು. ಅಡಕೆಯ ಅಂಗಳದಲ್ಲಿ, ಗದ್ದೆಯ ಬಯಲಿನಲ್ಲಿ ರಂಗಸ್ಥಳವೆದ್ದು, ಚಂಡೆಯ ಸದ್ದು ಕಾಡಿನ ಅಂಚಿನವರೆಗೆ ಕೇಳುವುದು ವೈಶಾಖದವರೆಗೆ ಮಾತ್ರ. ವೃಷಭ ಮಾಸದ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ, ಹತ್ತನಾವಧಿ. ಅಂದಿಗೆ ಕಲಾವಿದರು ದೇವರ ಮುಂದೆ ಗೆಜ್ಜೆ ಬಿಚ್ಚುತ್ತಾರೆ. ಮುಂದೆ ಮಳೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯುವ ಆಗುಂಬೆಯ ನೆರೆಯಲ್ಲಿ ಬಯಲಿನ ಆಟವೆಂಬುದು ಆ ತಿಂಗಳುಗಳಲ್ಲಿ ಯೋಚಿಸುವ ವಿಷಯವೇ ಅಲ್ಲ.

ಗೆಜ್ಜೆ ಬಿಚ್ಚಿದ ಮರುದಿನದಿಂದಲೇ ಊರಿನ ಜಗಲಿಗಳಲ್ಲಿ ಒಂದೇ ಪ್ರಶ್ನೆ: ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳದಲ್ಲಿ? ಆ ಮೇಳದ ಭಾಗವತರು ಈ ಮೇಳಕ್ಕೆ ಬರುವರಂತೆ. ಎರಡನೆಯ ವೇಷದವರು ನಿಂತರಂತೆ. ಸ್ತ್ರೀವೇಷದ ಹುಡುಗನಿಗೆ ಬೇರೆ ಮೇಳದವರು ಮುಂಗಡ ಕೊಟ್ಟರಂತೆ. ಈ ‘ಅಂತೆ’ಗಳ ನಡುವೆ ಮಳೆಗಾಲದ ಅರ್ಧ ಕಳೆಯುತ್ತದೆ. ಯಕ್ಷಗಾನದ ರಸಿಕರಿಗೆ ಇದು ಆಟದಷ್ಟೇ ರುಚಿಯಾದ ಹರಟೆ. ಮೇಳದ ಯಜಮಾನರಿಗೆ ಮಾತ್ರ ಇದು ಹರಟೆಯಲ್ಲ, ವರ್ಷದ ಬಾಳು.

ಮೇಳವೆಂದರೆ ಒಬ್ಬರ ಹೆಸರಲ್ಲ. ಹಿಮ್ಮೇಳದಲ್ಲಿ ಭಾಗವತರು, ಅವರಿಗೆ ಸಹಾಯಕನಾದ ಸಂಗೀತಗಾರ, ಮದ್ದಳೆಯವರು, ಚಂಡೆಯವರು; ಮುಮ್ಮೇಳದಲ್ಲಿ ಎರಡನೆಯ ವೇಷ, ಪುರುಷ ವೇಷ, ಮುಂಡಾಸಿನ ವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ; ಇವರೆಲ್ಲರ ಕೆಳಗೆ ಕೋಡಂಗಿ, ಬಾಲಗೋಪಾಲ ಮೊದಲಾದ ಪೂರ್ವರಂಗದ ಕಿರಿಯರು; ರಂಗದ ಮೇಲೆ ಕಾಣದೆ ಚೌಕಿಯಲ್ಲಿ, ಪೆಟ್ಟಿಗೆಯ ಬಳಿಯಲ್ಲಿ ದುಡಿಯುವವರು ಬೇರೆ. ಇಷ್ಟೂ ಮಂದಿಗೆ ಅನ್ನ, ಪ್ರಯಾಣ, ಸಂಬಳಗಳನ್ನು ಒಂದೇ ಚೀಲದಿಂದ ಒದಗಿಸಬೇಕು. ಚೀಲಕ್ಕೆ ಬೀಳುವುದೆಷ್ಟು? ಹರಕೆಯ ಆಟವಾದರೆ ವೀಳ್ಯ ಇಷ್ಟೆಂದು ಮೊದಲೇ ಗೊತ್ತಾಗಿರುತ್ತದೆ. ಭಾಗವತರು ಎಷ್ಟೇ ದೊಡ್ಡವರಾಗಲಿ, ಆಟ ಎಷ್ಟೇ ಕಳೆಯೇರಲಿ, ಆ ರಾತ್ರಿಯ ಆದಾಯ ಹೆಚ್ಚುವುದಿಲ್ಲ. ಆದುದರಿಂದ ಅಂತಹ ಮೇಳದಲ್ಲಿ ಯಾರೂ ಬರೆಯದ ಒಂದು ಮಿತಿ ತಾನಾಗಿಯೇ ಇರುತ್ತದೆ. ಟಿಕೇಟಿನ ಡೇರೆ ಮೇಳದ ರೀತಿ ಬೇರೆ. ಅಲ್ಲಿ ಹೆಸರಿದ್ದವನು ಬಂದರೆ ಡೇರೆ ತುಂಬುತ್ತದೆ, ಇಲ್ಲದಿದ್ದರೆ ಕುರ್ಚಿಗಳು ಬರಿದು. ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ಕಾಳಿಂಗ ನಾವಡರ ಕಾಲದಲ್ಲಿ (1958–1990) ಜನ ವೇಷವನ್ನು ನೋಡುವುದಕ್ಕಿಂತ ಪದ್ಯವನ್ನು ಕೇಳುವುದಕ್ಕೆಂದೇ ಡೇರೆಗೆ ನುಗ್ಗುತ್ತಿದ್ದುದು ಇಂದಿಗೂ ಹಿರಿಯರ ನೆನಪಿನಲ್ಲಿದೆ. ಇಂತಹ ಒಬ್ಬರಿಗಾಗಿ ಯಜಮಾನರು ಪೈಪೋಟಿ ನಡೆಸುವುದು ಸಹಜ. ಪೈಪೋಟಿ ಬೆಳೆದಂತೆ ಮೇಲಿನ ಎರಡು ಹೆಸರುಗಳ ಮುಂದಿನ ಅಂಕೆ ಬೆಳೆಯುತ್ತದೆ. ಚೀಲ ಮಾತ್ರ ಅದೇ ಚೀಲ. ಕೊರತೆಯಾದುದು ಎಲ್ಲಿಂದ ಬರಬೇಕು? ಕೆಳಗಿನ ಸಾಲಿನಿಂದ.

ಇದೇ ಪ್ರಶ್ನೆಯನ್ನು ಸಾವಿರಾರು ಹರದಾರಿ ದೂರದ ಅಮೆರಿಕೆಯಲ್ಲಿ ಬೇರೊಂದು ಆಟದವರು ಎದುರಿಸಿ, ಅದಕ್ಕೆ ಒಂದು ದೊಡ್ಡ ಶಾಸ್ತ್ರವನ್ನೇ ಕಟ್ಟಿದ್ದಾರೆ. ಮಲೆನಾಡಿನ ಅನೇಕ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲಸಿರುವುದರಿಂದ, ಬ್ಯಾಸ್ಕೆಟ್‌ಬಾಲಿನ ಮಾತು ಈಗ ತೀರ್ಥಹಳ್ಳಿಯ ಜಗಲಿಗೂ ಬಂದು ಕುಳಿತಿದೆ. ಆ ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಹೊರಗೆ ಹಿಮ ಬಿದ್ದು ವಿದ್ಯಾರ್ಥಿಗಳು ಬಯಲಿನಲ್ಲಿ ಆಡಲಾಗದೆ ಇದ್ದಾಗ, ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಒಳಗಿನ ಮಾಳಿಗೆಯ ಅಂಚಿಗೆ ಎರಡು ಹಣ್ಣಿನ ಬುಟ್ಟಿಗಳನ್ನು ಹೊಡೆಸಿ ಈ ಆಟವನ್ನು ಕಲ್ಪಿಸಿದರು. ಬಯಲಾಟ ಮಳೆಗೆ ನಿಲ್ಲುತ್ತದೆ. ಈ ಆಟ ಹಿಮದ ದೆಸೆಯಿಂದ ಹುಟ್ಟಿತು. ಆದರೂ ಇಬ್ಬರ ಪಂಚಾಂಗ ಬಹುಮಟ್ಟಿಗೆ ಒಂದೇ. ಅಲ್ಲಿಯ ಪ್ರಧಾನ ಸಂಘವಾದ ಎನ್‌ಬಿಎಯ ಪಂದ್ಯಗಳು ಅಕ್ಟೋಬರಿನಲ್ಲಿ ತೊಡಗಿ ಜೂನಿನಲ್ಲಿ ಮುಗಿಯುತ್ತವೆ; ತುಂಗೆಯಲ್ಲಿ ಕೆಂಪು ನೀರು ಏರುವ ಜೂನ್ ಕೊನೆ, ಜುಲೈ ಮೊದಲ ವಾರಗಳಲ್ಲಿಯೇ ಅಲ್ಲಿಯ ತಂಡಗಳು ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಲೆಕ್ಕ ಹಾಕುತ್ತವೆ.

ಆ ಲೆಕ್ಕಕ್ಕೆ ಮಿತಿಯುಂಟು. ಸಂಘ ಆರಂಭವಾದ 1946–47ರಲ್ಲಿಯೇ ಒಂದು ತಂಡ ತನ್ನ ಆಟಗಾರರೆಲ್ಲರಿಗೆ ಸೇರಿ 55,000 ಡಾಲರಿಗಿಂತ ಹೆಚ್ಚು ಕೊಡಕೂಡದೆಂದು ಕಟ್ಟು ಮಾಡಿದ್ದರು. ಒಂದೇ ವರ್ಷದಲ್ಲಿ ಅದನ್ನು ಬಿಟ್ಟರು. ಧನಿಕ ನಗರಗಳ ತಂಡಗಳು ಒಳ್ಳೆಯವರನ್ನೆಲ್ಲ ಬಾಚಿಕೊಂಡು ಉಳಿದವು ನಷ್ಟದಲ್ಲಿ ಮುಳುಗುವ ಸ್ಥಿತಿ ಬಂದಾಗ, 1984–85ರಿಂದ 36 ಲಕ್ಷ ಡಾಲರಿನ ಮಿತಿಯನ್ನು ಮರಳಿ ತಂದರು. 2025–26ರ ಋತುವಿಗೆ ಆ ಮಿತಿ 15 ಕೋಟಿ 46 ಲಕ್ಷ ಡಾಲರಿಗೇರಿತು. ತಂಡಕ್ಕೆ ಪೂರ್ಣ ಒಪ್ಪಂದದ ಆಟಗಾರರು 15 ಮಂದಿಗಿಂತ ಹೆಚ್ಚಿರಕೂಡದು. ಒಬ್ಬನಿಗೆ ಕೊಡುವ ಸಂಬಳಕ್ಕೂ ಮೇರೆಯುಂಟು: ಹೊಸ ಒಪ್ಪಂದದ ಮೊದಲ ವರ್ಷದಲ್ಲಿ, ಅವನು ಆಡಿದ ವರ್ಷಗಳನ್ನು ನೋಡಿಕೊಂಡು, ಒಟ್ಟು ಮಿತಿಯ ನೂರಕ್ಕೆ 25, 30 ಅಥವಾ 35ರವರೆಗೆ.

ಈ ಕಟ್ಟಿನಲ್ಲಿ ಒಂದು ಸೊಗಸಾದ ಸಡಿಲವನ್ನೂ ಇಟ್ಟಿದ್ದಾರೆ. ಹೊರಗಿನವನನ್ನು ತರಬೇಕಾದರೆ ಚೀಲದಲ್ಲಿ ಜಾಗವಿರಬೇಕು. ಆದರೆ ತನ್ನಲ್ಲಿಯೇ ಮೂರು ವರ್ಷ ಆಡಿದವನನ್ನು ಉಳಿಸಿಕೊಳ್ಳುವುದಕ್ಕೆ ತಂಡ ಮಿತಿಯನ್ನು ಮೀರಬಹುದು. ಅವನಿಗೆ ಹೊರಗಿನವರಿಗಿಂತ ಒಂದು ವರ್ಷ ಹೆಚ್ಚಿನ ಒಪ್ಪಂದವನ್ನೂ, ಹೆಚ್ಚಿನ ವಾರ್ಷಿಕ ಬಡ್ತಿಯನ್ನೂ ಕೊಡಬಹುದು. ಬಾಸ್ಟನ್ ಸೆಲ್ಟಿಕ್ಸ್ ತಂಡದ ಲ್ಯಾರಿ ಬರ್ಡ್ ಎಂಬ ಮಹಾ ಆಟಗಾರನ ಹೆಸರಿನಿಂದಲೇ ಈ ನಿಯಮ ಪ್ರಸಿದ್ಧವಾಗಿದೆ. ಒಂದೇ ಮೇಳದಲ್ಲಿ ಹಲವು ತಿರುಗಾಟ ಮಾಡಿದ ವೇಷಧಾರಿಗೂ ಯಜಮಾನರಿಗೂ ನಡುವೆ ಇರುವುದನ್ನು ಮಲೆನಾಡಿನವರು ಋಣವೆನ್ನುತ್ತಾರೆ. ಅಮೆರಿಕೆಯವರು ಅದೇ ಋಣವನ್ನು ವಕೀಲರ ಭಾಷೆಯಲ್ಲಿ ಬರೆದು ಒಪ್ಪಂದದೊಳಗೆ ಸೇರಿಸಿದರು, ಅಷ್ಟೇ ವ್ಯತ್ಯಾಸ.

ಕನ್ನಡಿಗರಿಗೆ ಇನ್ನೂ ಹತ್ತಿರದ ನಿದರ್ಶನವೆಂದರೆ ಕ್ರಿಕೆಟಿನ ಹರಾಜು. 2008ರಲ್ಲಿ ಐಪಿಎಲ್ ಪಂದ್ಯಾವಳಿ ಆರಂಭವಾದಾಗ ರಾಹುಲ್ ದ್ರಾವಿಡರು ಬೆಂಗಳೂರು ತಂಡದ ಪ್ರತೀಕವಾದ ಆಟಗಾರರು. ಅವರಿಗೆ ಹರಾಜಿಲ್ಲ, ತಂಡದಲ್ಲಿ ಅತಿ ಹೆಚ್ಚು ಬೆಲೆ ಪಡೆದವನಿಗಿಂತ ನೂರಕ್ಕೆ 15ರಷ್ಟು ಹೆಚ್ಚು ಎಂಬುದು ಆಗಿನ ನಿಯಮ. 2025ರ ಪಂದ್ಯಾವಳಿಗೆ ಪ್ರತಿ ತಂಡದ ಚೀಲ 120 ಕೋಟಿ ರೂಪಾಯಿ. ಇದು ಗಟ್ಟಿ ಮಿತಿ. ಋಣದ ಹೆಸರಿನಲ್ಲಿಯೂ ಮೀರುವಂತಿಲ್ಲ. ಬೆಂಗಳೂರಿನವರು ವಿರಾಟ್ ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರರಿಗೆ 11 ಕೋಟಿ, ಯಶ್ ದಯಾಳರಿಗೆ 5 ಕೋಟಿ ಕೊಟ್ಟು ಮೂವರನ್ನು ಮಾತ್ರ ಉಳಿಸಿಕೊಂಡರು. ಬಹುಕಾಲ ಜೊತೆಗಿದ್ದ ಮಹಮ್ಮದ್ ಸಿರಾಜರನ್ನು ಬಿಟ್ಟರು. ಊರಿನಲ್ಲಿ ಅಸಮಾಧಾನ ಉಂಟಾಗದೆ ಇರಲಿಲ್ಲ. ಆದರೆ ಕೈಯಲ್ಲುಳಿದ 83 ಕೋಟಿಯಿಂದ ಮಿಕ್ಕ ಸ್ಥಾನಗಳನ್ನೆಲ್ಲ ಸರಿದೂಗಿಸಿದ ಆ ತಂಡವೇ 2025ರ ಜೂನ್ 3ರಂದು, ಹದಿನೆಂಟನೆಯ ಪಂದ್ಯಾವಳಿಯಲ್ಲಿ, ಮೊದಲ ಬಾರಿಗೆ ಕಪ್ಪನ್ನು ಗೆದ್ದಿತು. ಹನ್ನೊಂದು ಮಂದಿಯ ಆಟವನ್ನು ಮೂರು ಹೆಸರುಗಳಿಂದ ಗೆಲ್ಲಲಾಗದೆಂಬ ಸಾಮಾನ್ಯ ಸತ್ಯವನ್ನು ಕಲಿಯುವುದಕ್ಕೆ ಕೆಲವೊಮ್ಮೆ ಹದಿನೇಳು ವರ್ಷ ಬೇಕಾಗುತ್ತದೆ.

ಮಿತಿಯೆಂಬುದು ಕೇವಲ ಹಿತಕರವೆಂದು ತಿಳಿಯಬಾರದು. ಅದಕ್ಕೆ ನಿಷ್ಠುರವಾದ ಇನ್ನೊಂದು ಮುಖವುಂಟು. ಅಮೆರಿಕೆಯಲ್ಲಿ ಮಿತಿ ಮೀರಿದವರಿಗೆ ತೆರಿಗೆಯಿದೆ; 2023ರ ಒಪ್ಪಂದದ ಬಳಿಕ ಅದರ ಮೇಲೆ ಇನ್ನೂ ಎತ್ತರದ ಗೆರೆಯೊಂದನ್ನು ಎಳೆದಿದ್ದಾರೆ. 2025–26ಕ್ಕೆ ಆ ಗೆರೆ 20 ಕೋಟಿ 78 ಲಕ್ಷ ಡಾಲರಿನ ಸುಮಾರು. ಅದನ್ನು ದಾಟಿದ ತಂಡಕ್ಕೆ ಹಣ ತೆತ್ತರೂ ಬಿಡುಗಡೆಯಿಲ್ಲ: ಇಬ್ಬರ ಸಂಬಳವನ್ನು ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ವಿನಿಮಯದಲ್ಲಿ ಪಡೆಯುವಂತಿಲ್ಲ, ಇತರರಿಗೆ ದೊರೆಯುವ ಹಲವು ಸಡಿಲಗಳು ಅದಕ್ಕೆ ಸಿಕ್ಕುವುದಿಲ್ಲ. ಬಾಸ್ಟನ್ ತಂಡ 2024ರ ಜೂನಿನಲ್ಲಿ ಚಾಂಪಿಯನ್ ಆಯಿತು. ಮರುವರ್ಷದ ಬೇಸಗೆಯಲ್ಲಿಯೇ, ಆ ಗೆಲವಿಗೆ ಹೆಗಲು ಕೊಟ್ಟ ಜ್ರೂ ಹಾಲಿಡೇಯನ್ನು ಪೋರ್ಟ್‌ಲೆಂಡಿಗೂ, ಕ್ರಿಸ್ಟಾಪ್ಸ್ ಪೋರ್ಜಿಂಗಿಸನನ್ನು ಅಟ್ಲಾಂಟಕ್ಕೂ ಕಳುಹಿಸಬೇಕಾಯಿತು. ಅವರ ಆಟ ಕೆಟ್ಟಿತ್ತೆಂದಲ್ಲ. ತಂಡದ ಅಗ್ರಗಣ್ಯನಾದ ಜೇಸನ್ ಟೇಟಮ್ ಗಾಯಗೊಂಡಿದ್ದನು, ಪುಸ್ತಕದ ಅಂಕೆ ಗೆರೆಯನ್ನು ದಾಟಿತ್ತು. ಹೊಂದಿಕೆಯಾಗಿ ಆಡಿದವರನ್ನು ಲೆಕ್ಕದ ಗೆರೆ ಬೇರ್ಪಡಿಸಿತು. ಒಂದು ಮೇಳದಲ್ಲಿ ಭಾಗವತರ ಪದ್ಯಕ್ಕೂ ವೇಷಧಾರಿಯ ಹೆಜ್ಜೆಗೂ ವರ್ಷಾನುಗಟ್ಟಳೆ ಪಳಗಿದ ಮೇಲೆ ಬರುವ ಸಾಮರಸ್ಯವನ್ನು ಬಲ್ಲವರಿಗೆ ಈ ನಷ್ಟ ಎಂತಹದೆಂದು ವಿವರಿಸಬೇಕಾಗಿಲ್ಲ. ಎಲ್ಲ ತಂಡಗಳೂ ಸಮವಾಗಲೆಂದು ಮಾಡಿದ ಕಟ್ಟು, ಒಳ್ಳೆಯದಾದ ಒಂದು ತಂಡವನ್ನು ಬಹುಕಾಲ ಒಳ್ಳೆಯದಾಗಿಯೇ ಇರಗೊಡುವುದಿಲ್ಲ.

ಹಾಗಾದರೆ ಕಲಾವಿದನು ತನ್ನ ಇಷ್ಟದಂತೆ ಮೇಳವನ್ನು ಬದಲಿಸುವುದೇ ಲೇಸೆ? ಇದಕ್ಕೂ ಆ ದೇಶದ ಚರಿತ್ರೆಯಲ್ಲಿ ಉತ್ತರವುಂಟು. ಹಿಂದೆ ಅಲ್ಲಿ ಆಟಗಾರನ ಒಪ್ಪಂದ ಮುಗಿದರೂ ಬೇರೆ ತಂಡ ಅವನನ್ನು ತೆಗೆದುಕೊಳ್ಳುವಂತಿರಲಿಲ್ಲ. ಒಮ್ಮೆ ಸೇರಿದವನು ಆ ಯಜಮಾನನಿಗೇ ಮೀಸಲು. ಆಟಗಾರರ ಸಂಘದ ಅಧ್ಯಕ್ಷನಾಗಿದ್ದ ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಇದರ ಮೇಲೆ ದಾವೆ ಹೂಡಿದನು. 1976ರಲ್ಲಿ ರಾಜಿಯಾಗಿ ಆ ಕಟ್ಟು ಸಡಿಲವಾಯಿತು. ಮೇಳಗಳಲ್ಲಿ ಇಂತಹ ಬರಹದ ಕಟ್ಟಿಲ್ಲ. ಅದರ ಕೆಲಸವನ್ನು ಬಹುಕಾಲ ಮಾಡಿದ್ದು ಮುಂಗಡ. ಮಳೆಗಾಲದಲ್ಲಿ ಮನೆಯ ಮಾಡು ಸೋರುತ್ತದೆ, ಮಗಳ ಮದುವೆ ಕೂಡಿಬರುತ್ತದೆ, ಆಸ್ಪತ್ರೆಯ ಖರ್ಚು ಬೀಳುತ್ತದೆ. ಯಜಮಾನರ ಬಳಿ ಮುಂಗಡ ಪಡೆದವನು ಆ ಹಣ ತೀರುವವರೆಗೆ ಆ ಮೇಳದವನೇ. ಮುಂಗಡ ಕೊಡುವ ಯಜಮಾನರು ಕ್ರೂರಿಗಳೆಂದಲ್ಲ. ಅನೇಕರು ಸ್ವಂತದ ಅಡಕೆ ಮಾರಿ ಮೇಳ ನಡೆಸಿ ಕೈ ಸುಟ್ಟುಕೊಂಡವರು. ಆದರೆ ಹೆಸರಿದ್ದವನಿಗೆ ಮುಂಗಡವೆಂಬುದು ಮಾನ. ಹೆಸರಿಲ್ಲದವನಿಗೆ ಅದು ಹಗ್ಗ. ಒಂದೇ ಹಣ, ಎರಡು ಅರ್ಥ.

ಈ ಅಮೆರಿಕೆಯ ಶಾಸ್ತ್ರದಲ್ಲಿ ಜನ ಹೆಚ್ಚಾಗಿ ಮಾತನಾಡುವುದು ಮೇಲಿನ ಮಿತಿಯನ್ನು ಕುರಿತು. ನಿಜವಾಗಿ ಗಮನಿಸತಕ್ಕದ್ದು ಕೆಳಗಿನ ಮಿತಿ. ತಂಡವೊಂದು ಒಟ್ಟು ಮಿತಿಯ ನೂರಕ್ಕೆ 90ರಷ್ಟನ್ನಾದರೂ ಆಟಗಾರರಿಗೆ ಕೊಡಲೇಬೇಕು. ಉಳಿಸಿ ಪೆಟ್ಟಿಗೆಗೆ ಹಾಕಿಕೊಳ್ಳುವಂತಿಲ್ಲ. ಹದಿನೈದನೆಯ ಕುರ್ಚಿಯಲ್ಲಿ ಕುಳಿತು ಇಡೀ ಋತುವಿನಲ್ಲಿ ಅಂಕಣಕ್ಕೆ ಇಳಿಯದ ಹೊಸಬನಿಗೂ, ಪೂರ್ಣ ಒಪ್ಪಂದವಿದ್ದರೆ, ಕನಿಷ್ಠ ಸಂಬಳವುಂಟು. 2025–26ಕ್ಕೆ ಅದು ಸುಮಾರು 12 ಲಕ್ಷ 70 ಸಾವಿರ ಡಾಲರು. ಮೇಲಿನವನಿಗೂ ಕೆಳಗಿನವನಿಗೂ ನಲವತ್ತು ಪಟ್ಟಿಗೂ ಮೀರಿದ ಅಂತರವಿದೆ ನಿಜ; ಆದರೆ ಕೆಳಗಿನವನ ಕಾಲ ಕೆಳಗೆ ನೆಲವಿದೆ. ಆಟದಿಂದ ಬರುವ ಆದಾಯದಲ್ಲಿ ಹೆಚ್ಚುಕಡಮೆ ಅರ್ಧಪಾಲು ಆಟಗಾರರದೆಂದು ಬರೆದಿಟ್ಟಿದ್ದಾರೆ. ಇದು ಯಜಮಾನರ ಔದಾರ್ಯದಿಂದ ಬಂದುದಲ್ಲ. 1954ರಲ್ಲಿ ಬಾಬ್ ಕೌಸಿ ಎಂಬ ಆಟಗಾರನು ಕಟ್ಟಿದ ಸಂಘ ದಶಕಗಳ ಕಾಲ ಹೋರಾಡಿತು. 1964ರ ಜನವರಿಯಲ್ಲಿ, ಬಾಸ್ಟನ್ನಿನಲ್ಲಿ ದೇಶವೆಲ್ಲ ನೋಡಲಿದ್ದ ತಾರೆಗಳ ಪಂದ್ಯಕ್ಕೆ ಮುಂಚೆ, ನಿವೃತ್ತಿ ವೇತನದ ಭರವಸೆ ದೊರೆಯದೆ ಹೊರಗೆ ಬರುವುದಿಲ್ಲವೆಂದು ಆಟಗಾರರು ಕೊಠಡಿಯಲ್ಲಿಯೇ ಕುಳಿತುಬಿಟ್ಟರು. ಹಾಗೆ ಕುಳಿತವರು ಹೆಸರಿಲ್ಲದವರಲ್ಲ; ಅಂದಿನ ಅಗ್ರಗಣ್ಯರು. ಮೇಲಿನವರು ಕೆಳಗಿನವರಿಗಾಗಿ ಒಂದು ರಾತ್ರಿ ಗೆಜ್ಜೆ ಕಟ್ಟಲೊಲ್ಲೆವೆಂದುದರಿಂದ ಆ ನೆಲ ನಿರ್ಮಾಣವಾಯಿತು.

ಮೇಳದ ಕಿರಿಯನಿಗೆ ಅಂತಹ ನೆಲ ಯಾವುದು? ಆರು ತಿಂಗಳ ತಿರುಗಾಟದ ಬಳಿಕ ಆರು ತಿಂಗಳ ಮಳೆ ಮತ್ತು ಬಿಡುವು. ಹೆಸರಿದ್ದವರು ಬೆಂಗಳೂರು, ಮುಂಬಯಿಗಳ ಸಭಾಭವನಗಳಲ್ಲಿ ಆಟವಾಡಿ ಬರುತ್ತಾರೆ. ಅರ್ಥಗಾರಿಕೆ ಬಲ್ಲವರು ಮಳೆಗಾಲದ ತಾಳಮದ್ದಳೆಗೆ ಹೋಗುತ್ತಾರೆ. ಉಳಿದವರು ಗದ್ದೆಯ ನೆಟ್ಟಿಗೆ, ತೋಟದ ಕೊನೆಗೆಲಸಕ್ಕೆ, ಹೋಟೆಲಿಗೆ. ಕರಾವಳಿಯಲ್ಲಿ ನಾಲ್ಕೈದು ಮಂದಿ ಸೇರಿ ಚಿಕ್ಕಮೇಳ ಕಟ್ಟಿಕೊಂಡು, ಸಂಜೆಯ ಹೊತ್ತು ಮನೆಮನೆಗೆ ಹೋಗಿ ಒಂದು ಪ್ರಸಂಗದ ತುಣುಕನ್ನು ಆಡಿ ತೋರಿಸಿ ಕಾಣಿಕೆ ಪಡೆಯುವುದುಂಟು. 1975ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕಲಾರಂಗವು ಕಲಾವಿದರ ಕ್ಷೇಮಕ್ಕಾಗಿಯೇ ದುಡಿದು, ಆಪತ್ತಿಗೆ ನೆರವು, ವಿಮೆ, ಮಕ್ಕಳ ವಿದ್ಯೆಗೆ ಸಹಾಯ ಮೊದಲಾದವನ್ನು ಒದಗಿಸಿದ್ದು ದೊಡ್ಡ ಕೆಲಸ. ಆದರೆ ದಾನಿಗಳ ಕೃಪೆ ಬೇರೆ, ದುಡಿದುದರ ಹಕ್ಕು ಬೇರೆ. ಮೊದಲನೆಯದು ಎಷ್ಟು ಹಿರಿದಾದರೂ ಎರಡನೆಯದರ ಸ್ಥಾನವನ್ನು ತುಂಬಲಾರದು.

ಇಲ್ಲಿ ಪಣವಾಗಿರುವುದು ಕೆಲವರ ಹೊಟ್ಟೆಯ ಪಾಡು ಮಾತ್ರವಲ್ಲ. ಬಡಗುತಿಟ್ಟಿನಲ್ಲಿ ಮೇಳ ಸೇರಿದ ಹುಡುಗನು ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಪೂರ್ವರಂಗದ ಸ್ತ್ರೀವೇಷ, ಹೀಗೆ ಮೆಟ್ಟಲು ಮೆಟ್ಟಲಾಗಿ ಏರಿ ಒಡ್ಡೋಲಗದ ವೇಷಕ್ಕೆ ಬರಬೇಕು. ಪ್ರೇಕ್ಷಕರು ಇನ್ನೂ ಬಂದು ಸೇರುತ್ತಿರುವಾಗ, ಯಾರೂ ಕಣ್ಣಿಟ್ಟು ನೋಡದ ಆ ಗಳಿಗೆಯಲ್ಲಿ, ಅವನ ಕಾಲಿಗೆ ತಾಳ ಹತ್ತುತ್ತದೆ. ಇರುಳಿಡೀ ನಡೆಯುತ್ತಿದ್ದ ಆಟ ಹಲವೆಡೆ ಕಾಲಮಿತಿಗೊಳಪಟ್ಟು ನಡುರಾತ್ರಿಗೆ ಮುಗಿಯುವಂತಾದ ಮೇಲೆ ಮೊದಲು ಕತ್ತರಿ ಬಿದ್ದುದು ಪೂರ್ವರಂಗಕ್ಕೆ. ಸಮಯದ ಉಳಿತಾಯವೂ ಅಲ್ಲಿಂದ, ಹಣದ ಉಳಿತಾಯವೂ ಅಲ್ಲಿಂದ. ಒಬ್ಬ ಅತಿಥಿ ಕಲಾವಿದನಿಗೆ ಒಂದು ರಾತ್ರಿಗೆ ಕೊಡುವ ಹಣವನ್ನು ಹೊಂದಿಸಲು ಇಬ್ಬರು ಕಿರಿಯರನ್ನು ಬಿಟ್ಟರೆ ಆ ರಾತ್ರಿಯ ಆಟಕ್ಕೆ ಏನೂ ಕೊರತೆ ಕಾಣದು. ಇಪ್ಪತ್ತು ವರ್ಷದ ಬಳಿಕ ಎರಡನೆಯ ವೇಷಕ್ಕೆ ಜನ ಬೇಕಾದಾಗ ಆ ಕೊರತೆ ಕಾಣುತ್ತದೆ. ಆಗ ಯಾವ ಮುಂಗಡ ಕೊಟ್ಟರೂ ತರುವುದಕ್ಕೆ ಆಳಿರುವುದಿಲ್ಲ. ಮೆಟ್ಟಲುಗಳನ್ನು ಕಿತ್ತು ಉಪ್ಪರಿಗೆಯನ್ನು ಅಲಂಕರಿಸಿದ ಮನೆ ಎಷ್ಟು ದಿನ ವಾಸಯೋಗ್ಯವಾಗಿದ್ದೀತು?

ಮೇಳಗಳಿಗೆ ಅಮೆರಿಕೆಯವರ ಗೆರೆಗಳು, ತೆರಿಗೆಗಳು ಒಗ್ಗುವಂತಹವಲ್ಲ. ದೇವರ ಹೆಸರಿನಲ್ಲಿ ಹೊರಡುವ ಮೇಳವನ್ನು ಕೋಟಿ ಡಾಲರಿನ ವ್ಯಾಪಾರಕ್ಕೆ ಹೋಲಿಸುವುದೂ ತಕ್ಕುದಲ್ಲ. ಮೇಲಿನ ಮಿತಿ ಅನಾವಶ್ಯಕವೆನ್ನಬಹುದು. ದೊಡ್ಡ ಕಲಾವಿದನಿಗೆ ದೊಡ್ಡ ಸಂಭಾವನೆ ಸಿಕ್ಕಿದರೆ ಮರುಗಬೇಕಾದುದೇನೂ ಇಲ್ಲ. ಅವನೂ ಒಂದು ಕಾಲಕ್ಕೆ ಕೋಡಂಗಿಯಾಗಿ ಕುಣಿದವನೇ. ತೆಗೆದುಕೊಳ್ಳತಕ್ಕ ಪಾಠ ಒಂದೇ: ಲೆಕ್ಕವನ್ನು ಕೆಳಗಿನಿಂದ ಬರೆಯಬೇಕು. ಮೊದಲು ಬಾಲಗೋಪಾಲನಿಗೆ, ಸಂಗೀತಗಾರನಿಗೆ, ಪೆಟ್ಟಿಗೆಯವನಿಗೆ ಮಳೆಗಾಲವೂ ಸೇರಿ ವರ್ಷ ಕಳೆಯುವಷ್ಟನ್ನು ಬರೆದು, ಉಳಿದುದರಲ್ಲಿ ಮೇಲಿನವರ ಪೈಪೋಟಿ ನಡೆಯಲಿ. ಈಗ ಮೇಲಿನಿಂದ ಬರೆದು ಉಳಿದುದನ್ನು ಕೆಳಗೆ ಹಂಚುವ ಕ್ರಮವಿರುವಲ್ಲೆಲ್ಲ ಅದು ತಿರುಗಬೇಕು.

ಇದು ಯಜಮಾನರೊಬ್ಬರಿಂದ ಆಗತಕ್ಕ ಕೆಲಸವಲ್ಲ. ಆಟ ಆಡಿಸುವವರು ಗೃಹಸ್ಥರು. ವೀಳ್ಯ ಕೊಡುವವರು ಅವರು. ಹರಕೆಯ ದಿನ ಗೊತ್ತುಮಾಡುವಾಗ ಯಾವ ಭಾಗವತರು ಬರುತ್ತಾರೆ, ಯಾರ ಎರಡನೆಯ ವೇಷ ಎಂದು ವಿಚಾರಿಸುವುದು ಮಲೆನಾಡಿನ ಮನೆಗಳಲ್ಲಿ ರೂಢಿ. ಅದರೊಡನೆ ಕೋಡಂಗಿಯ ಹುಡುಗನಿಗೆ ಏನು ಸಲ್ಲುತ್ತದೆಂದು ಇನ್ನೊಂದು ಪ್ರಶ್ನೆಯನ್ನು ಸೇರಿಸಿದರೆ ಖರ್ಚೇನೂ ಇಲ್ಲ. ಒಂದು ಮನೆಯವರು ಕೇಳಿದರೆ ಅದು ವಿಚಿತ್ರವಾಗಿ ತೋರೀತು. ಹತ್ತು ಮನೆಯವರು ಕೇಳಿದರೆ ಯಜಮಾನರು ಉತ್ತರವನ್ನು ಸಿದ್ಧಮಾಡಿಟ್ಟುಕೊಳ್ಳುತ್ತಾರೆ. ನೂರು ಮನೆಯವರು ಕೇಳಿದರೆ ಅದು ನಿಯಮವಾಗುತ್ತದೆ.